ನೀರು ಕಟ್ಟುವ ವಿದ್ಯೆ ಮತ್ತು ಮಕ್ಕಳ ಹೃದಯ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಬೆಳಿಗ್ಗೆ ಬಸ್ಸಿಳಿದ ಕೂಡಲೇ ಹಿರಿಯರೊಬ್ಬರು, “ಕಂಪ್ಯೂಟರಿನಲ್ಲಿ ರಕ್ತದ ಕೆಲಸ ಮಾಡ್ತೀಯಂತಲ್ಲ, ಅದೇನಪ್ಪಾ?” ಎಂದು ಕೇಳಿದರು. ನಾನು ಡಾಕ್ಟರಲ್ಲ, ಎಂಜಿನಿಯರ್. ಹುಟ್ಟಿನಿಂದಲೇ ಹೃದಯದ ದೋಷವಿರುವ ಮಕ್ಕಳಿಗೆ ಆಪರೇಷನ್ ಮಾಡುವ ಮುಂಚೆ, ಆಮೇಲೆ ರಕ್ತ ಹೇಗೆ ಹರಿದೀತು ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಅದರ ಮೊದಲ ಪಾಠ ನನಗೆ ಸಿಕ್ಕಿದ್ದು ಈ ಊರಿನಲ್ಲೇ.

ಅಯ್ಯನಕೆರೆಯ ಅಚ್ಚುಕಟ್ಟಿನಲ್ಲಿ ನಮಗೊಂದು ತುಂಡು ಗದ್ದೆಯಿತ್ತು. ತಾತ ನೀರು ಕಟ್ಟಲು ಹೊರಟರೆ ನಾನೂ ಹಿಂದೆ ಹೋಗುತ್ತಿದ್ದೆ. ಕಾಲುವೆ ಕವಲೊಡೆಯುವ ಕಡೆ ಒಂದು ಬಾಯಿಗೆ ಹೆಂಟೆ ಇಟ್ಟು ಮಣ್ಣು ಮೆತ್ತುತ್ತಿದ್ದರು. ನೀರು ಅಲ್ಲಿ ಸ್ವಲ್ಪ ಏರಿ, ಇನ್ನೊಂದು ಕವಲಿಗೆ ತಿರುಗುತ್ತಿತ್ತು. “ನೀರು ಸಲೀಸಾದ ದಾರಿ ಹುಡುಕುತ್ತೆ ಕಣೋ” ಅನ್ನುತ್ತಿದ್ದರು.

ಎರಡನೇ ಪಾಠ ಹೇಳಲು ಕಷ್ಟವಾಗುತ್ತದೆ. ನಮ್ಮ ಬೀದಿಯಲ್ಲಿ ನನ್ನ ಓರಗೆಯ ಒಬ್ಬಳು ಹುಡುಗಿಯಿದ್ದಳು. ಹೆಸರು ಹೇಳುವುದಿಲ್ಲ, ಅವಳ ಮನೆಯವರು ಈ ಸಭೆಯಲ್ಲಿದ್ದಾರೆ. ಸಂಜೆ ಬೀದಿಯಲ್ಲಿ ಓಡಿ ಆಡುವಾಗ ಹತ್ತು ಮಾರು ಓಡಿ ನಿಂತುಬಿಡುವಳು, ಆಮೇಲೆ ಕುಕ್ಕರಗಾಲಲ್ಲಿ ಕೂರುವಳು. ತುಟಿ, ಉಗುರು ನೇರಳೆ ಹಣ್ಣು ತಿಂದ ಹಾಗಿರುತ್ತಿದ್ದವು. ನಾವು ನಗುತ್ತಿದ್ದೆವು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ದೊಡ್ಡ ಊರಿನ ಆಸ್ಪತ್ರೆಗೆ ಕರೆದೊಯ್ದು ಕಾಯಿಲೆಯ ಹೆಸರು ತಿಳಿಯುವ ಹೊತ್ತಿಗೆ ತಡವಾಗಿತ್ತು. ನಾವು ಎಂಟನೇ ತರಗತಿ ಮುಗಿಸಿದ ಬೇಸಿಗೆಯಲ್ಲಿ ಅವಳು ತೀರಿಕೊಂಡಳು.

ಆ ಕಾಯಿಲೆಗೆ ‘ಟೆಟ್ರಾಲಜಿ ಆಫ್ ಫ್ಯಾಲೋ’ ಎನ್ನುತ್ತಾರೆ. ಫ್ರಾನ್ಸಿನ ವೈದ್ಯ ಫ್ಯಾಲೋ 1888ರಲ್ಲಿ ಅದನ್ನು ವಿವರಿಸಿದ. ನಮ್ಮ ಹೃದಯ ಒಂದಲ್ಲ, ಜೊತೆಯಾಗಿರುವ ಎರಡು ಪಂಪು. ಬಲಗಡೆಯದು ಕೆಟ್ಟ ರಕ್ತವನ್ನು ಶ್ವಾಸಕೋಶಕ್ಕೆ ಕಳಿಸುತ್ತದೆ, ಎಡಗಡೆಯದು ಶುದ್ಧ ರಕ್ತವನ್ನು ಮೈಗೆಲ್ಲ ಕಳಿಸುತ್ತದೆ. ಈ ಕಾಯಿಲೆಯಲ್ಲಿ ಎರಡರ ನಡುವಿನ ಗೋಡೆಯಲ್ಲಿ ರಂಧ್ರವಿರುತ್ತದೆ, ಶ್ವಾಸಕೋಶದ ದಾರಿ ಕಿರಿದಾಗಿರುತ್ತದೆ. ಹಾಗಾಗಿ ಕೆಟ್ಟ ರಕ್ತ ರಂಧ್ರ ದಾಟಿ ನೇರವಾಗಿ ಮೈಗೇ ಹೋಗುತ್ತದೆ. ಕುಕ್ಕರಗಾಲಲ್ಲಿ ಕೂತರೆ ಕಾಲಿನ ರಕ್ತನಾಳಗಳು ಒತ್ತಿಕೊಳ್ಳುತ್ತವೆ, ಮೈಯ ಕಡೆಯ ದಾರಿ ಬಿಗಿಯಾಗುತ್ತದೆ, ಹೆಚ್ಚು ರಕ್ತ ಶ್ವಾಸಕೋಶದ ಕಡೆಗೆ ತಿರುಗುತ್ತದೆ. ತಾತ ಕವಲಿಗೆ ಇಡುತ್ತಿದ್ದ ಹೆಂಟೆಯನ್ನೇ ಆ ಹುಡುಗಿಯ ಮೈ ತಾನಾಗಿ ಕಂಡುಕೊಂಡಿತ್ತು. ಇದು ನನಗೆ ಗೊತ್ತಾಗಿದ್ದು ಎಂಜಿನಿಯರಿಂಗ್ ಮುಗಿಸಿದ ಮೇಲೆ. ಆ ದಿನದಿಂದ ಬೇರೆ ಕೆಲಸ ಹುಡುಕಲಿಲ್ಲ.

ದಾರಿ ಕಿರಿದಾದರೆ ಎಷ್ಟು ನಷ್ಟ? 1840ರ ದಶಕದಲ್ಲಿ ಪೊಯ್‌ಸೇ ಎಂಬ ಫ್ರೆಂಚ್ ವೈದ್ಯ ಸಣ್ಣ ಗಾಜಿನ ಕೊಳವೆಗಳಲ್ಲಿ ಇದನ್ನು ಅಳೆದ. ಒತ್ತಡ ಅಷ್ಟೇ ಇದ್ದು ಕೊಳವೆಯ ತ್ರಿಜ್ಯ ಅರ್ಧವಾದರೆ, ಹರಿವು ಅರ್ಧವಾಗುವುದಿಲ್ಲ, ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ. ಎಳೆಗೂಸಿನ ರಕ್ತನಾಳದಲ್ಲಿ ಒಂದು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಭಾರಿ ವ್ಯತ್ಯಾಸವೇ.

ಕೆಲವು ಮಕ್ಕಳ ಹೃದಯದಲ್ಲಿ ಕೆಲಸಕ್ಕೆ ಬರುವ ಪಂಪು ಒಂದೇ ಇರುತ್ತದೆ. ಅದನ್ನು ಮೈಗೆ ಬಿಟ್ಟುಕೊಟ್ಟು, ಮೇಲಿನಿಂದಲೂ ಕೆಳಗಿನಿಂದಲೂ ಬರುವ ಎರಡು ದೊಡ್ಡ ಅಭಿಧಮನಿಗಳನ್ನು ನೇರವಾಗಿ ಶ್ವಾಸಕೋಶದ ನಾಳಕ್ಕೆ ಜೋಡಿಸುತ್ತಾರೆ. ಫ್ರಾನ್ಸಿನ ಫ್ರಾನ್ಸಿಸ್ ಫಾಂಟಾನ್ 1968ರಲ್ಲಿ ಆರಂಭಿಸಿದ ಈ ಬಗೆಯ ಆಪರೇಷನ್ನಿಗೆ ಅವರದೇ ಹೆಸರಿದೆ. ಅಲ್ಲಿ ರಕ್ತವನ್ನು ತಳ್ಳಲು ಪಂಪಿಲ್ಲ, ಕಾಲುವೆಯ ನೀರಿನಂತೆ ಉಳಿದ ಒತ್ತಡದಲ್ಲೇ ಸಾಗಬೇಕು. ಎರಡು ನಾಳಗಳನ್ನು ಎದುರುಬದುರಾಗಿ ಜೋಡಿಸಿದರೆ ಹರಿವುಗಳು ಡಿಕ್ಕಿ ಹೊಡೆದು ಶಕ್ತಿ ಪೋಲಾಗುತ್ತದೆ. ಲಂಡನ್ನಿನ ಶಸ್ತ್ರವೈದ್ಯ ಮಾರ್ಕ್ ಡಿ ಲೇವಲ್ ಮತ್ತು ಇಟಲಿಯ ಮಿಲಾನಿನ ಎಂಜಿನಿಯರುಗಳು ಇದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಜೋಡಣೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಆ ನಷ್ಟ ಕಡಿಮೆಯಾಗುತ್ತದೆಂದು 1996ರಲ್ಲಿ ಪ್ರಕಟಿಸಿದರು.

ನಾವು ಮಾಡುವುದೂ ಅದನ್ನೇ. ಮಗುವಿನ ಎಂ.ಆರ್.ಐ. ಅಥವಾ ಸಿ.ಟಿ. ಚಿತ್ರಗಳಿಂದ ರಕ್ತನಾಳಗಳ ಆಕಾರವನ್ನು ಕಂಪ್ಯೂಟರಿನಲ್ಲಿ ಕಟ್ಟುತ್ತೇವೆ. ಅದನ್ನು ಲಕ್ಷಾಂತರ ಪುಟ್ಟ ಕೋಶಗಳಾಗಿ ಒಡೆದು, ಒಂದೊಂದರಲ್ಲೂ ರಕ್ತದ ವೇಗವೆಷ್ಟು, ಒತ್ತಡವೆಷ್ಟು ಎಂದು ಲೆಕ್ಕ ಹಾಕುತ್ತೇವೆ. ವಿಮಾನದ ರೆಕ್ಕೆಯ ಸುತ್ತಲಿನ ಗಾಳಿಗೂ ಇವೇ ಸಮೀಕರಣಗಳು. ಇಂಥ ಹರಿವಿನ ಲೆಕ್ಕಕ್ಕೆಂದೇ ಬೆಂಗಳೂರಿನ ಎನ್.ಎ.ಎಲ್. ಸಂಸ್ಥೆಯಲ್ಲಿ 1986ರಲ್ಲಿ ‘ಫ್ಲೋಸಾಲ್ವರ್’ ಎಂಬ ಕಂಪ್ಯೂಟರ್ ಕಟ್ಟಿದ್ದರು. ಈಗ ನಾಳವನ್ನು ಇಲ್ಲಿ ಜೋಡಿಸಿದರೆ ಹೇಗೆ, ಅಲ್ಲಿ ಜೋಡಿಸಿದರೆ ಹೇಗೆ ಎಂದು ನಾಲ್ಕಾರು ಬಗೆಯಲ್ಲಿ ಮೊದಲೇ ನೋಡಬಹುದು. ತಪ್ಪಿದರೆ ಅಳಿಸಿ ಮತ್ತೆ ಬರೆಯಬಹುದು. ಮಗುವಿನ ಮೈಮೇಲೆ ಹಾಗೆ ಮಾಡಲಾಗದು.

ಆದರೆ ಲೆಕ್ಕವೇ ಎಲ್ಲವೂ ಅಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮಾದರಿ ಮಾಡಿ, ಚೆಂದದ ಬಣ್ಣದ ಚಿತ್ರಗಳನ್ನು ಶಸ್ತ್ರವೈದ್ಯರಿಗೆ ತೋರಿಸಿದೆ. ಅವರು ಒಂದೇ ಪ್ರಶ್ನೆ ಕೇಳಿದರು: “ಇದು ಮಗು ಮಲಗಿದ್ದಾಗಿನ ಲೆಕ್ಕ. ಅದು ಓಡಿದಾಗ?” ನನ್ನ ಬಳಿ ಉತ್ತರವಿರಲಿಲ್ಲ. ಸ್ಕ್ಯಾನ್ ಮಾಡುವಾಗ ಮಗು ಅಲುಗಾಡದೆ ಮಲಗಿರುತ್ತದೆ. ಓಡುವಾಗ ಹರಿವು ಎಷ್ಟೋ ಹೆಚ್ಚುತ್ತದೆ. ಮಲಗಿದ್ದಾಗ ಸಾಕೆನಿಸಿದ ದಾರಿ ಆಗ ಸಾಲದೆ ಹೋಗಬಹುದು. ನಮ್ಮ ಬೀದಿಯ ಹುಡುಗಿಯೂ ಕೂರುತ್ತಿದ್ದುದು ಓಡಿದ ಮೇಲೆಯೇ ಅಲ್ಲವೇ? ಆ ರಾತ್ರಿ ಹೋಗಿ ಲೆಕ್ಕವನ್ನು ಮೊದಲಿನಿಂದ ಹಾಕಿದೆ. ಈಗ ಓಡುವ ಮಗುವಿನ ಲೆಕ್ಕ ಹಾಕದೆ ಯಾವ ಚಿತ್ರವನ್ನೂ ಯಾರಿಗೂ ತೋರಿಸುವುದಿಲ್ಲ. ಆದರೂ ಕೊನೆಯ ತೀರ್ಮಾನ ಶಸ್ತ್ರವೈದ್ಯರದೇ.

ಹುಟ್ಟುವ ಸಾವಿರ ಮಕ್ಕಳಲ್ಲಿ ಸುಮಾರು ಎಂಟೊಂಬತ್ತು ಮಕ್ಕಳಿಗೆ ಹೃದಯದ ದೋಷವಿರುತ್ತದೆ. ಎಲ್ಲಕ್ಕೂ ಆಪರೇಷನ್ ಬೇಕಾಗದು. ಫ್ಯಾಲೋ ಕಾಯಿಲೆಯನ್ನಂತೂ ಇಂದು ಎಳವೆಯಲ್ಲೇ ಸರಿಪಡಿಸುತ್ತಾರೆ. ಆದರೆ ಮಗು ಆಸ್ಪತ್ರೆ ಮುಟ್ಟಿದರೆ ತಾನೇ ನಮ್ಮ ಕಂಪ್ಯೂಟರಿಗೆ ಕೆಲಸ? ಹಾಗಾಗಿ ತಾಯಂದಿರಲ್ಲಿ, ಗುರುಗಳಲ್ಲಿ, ಅಂಗನವಾಡಿ ಕಾರ್ಯಕರ್ತೆಯರಲ್ಲಿ ನನ್ನ ಬಿನ್ನಹ ಇಷ್ಟೇ. ಹಾಲು ಕುಡಿಯುವಾಗ ಕೂಸು ಬೆವರಿ ಸುಸ್ತಾಗುತ್ತಿದ್ದರೆ, ತುಟಿ ಉಗುರು ನೀಲಿಯಾಗುತ್ತಿದ್ದರೆ, ಓಡಿದ ಮಗು ಪದೇ ಪದೇ ಕುಕ್ಕರಗಾಲಲ್ಲಿ ಕೂರುತ್ತಿದ್ದರೆ, ದೃಷ್ಟಿ ತೆಗೆದು ಸುಮ್ಮನಾಗಬೇಡಿ, ಡಾಕ್ಟರಿಗೆ ತೋರಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹದಿನೆಂಟು ವರ್ಷದವರೆಗಿನ ಮಕ್ಕಳ ತಪಾಸಣೆಗೆ ವೈದ್ಯರ ತಂಡ ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬರುತ್ತದೆ. ಅವರು ಬಂದ ದಿನ ಮಕ್ಕಳನ್ನು ತಪ್ಪಿಸಬೇಡಿ.

ಮಕ್ಕಳೇ, ಜೊತೆಯವರಲ್ಲಿ ಯಾರಾದರೂ ಹಾಗೆ ಕೂತರೆ ನಗಬೇಡಿ. ಓಡಿಹೋಗಿ ಮೇಷ್ಟ್ರಿಗೆ ಹೇಳಿ. ನಾನು ಆಗ ಮಾಡದ ಕೆಲಸ ಅದು.