ಅಳಿಸಿದ್ದೆಲ್ಲ ಅಳಿಯುವುದೇ?



ಕಾಸಿಮೇಡಿನ ನಮ್ಮ ಮನೆಯಲ್ಲಿ, ದಿವಂಗತ ತಾಯಿಯವರ ದನಿಯಿದ್ದ ಕಡತವನ್ನು ಮಗಳು ಪೆನ್‌ಡ್ರೈವಿನಿಂದ ಅಳಿಸಿಬಿಟ್ಟಳು.

ಡಿಸ್ಕಾಗಲಿ ಪೆನ್‌ಡ್ರೈವಾಗಲಿ, ನಮ್ಮ ಬ್ಯಾಂಕಿನ ಹಳೆಯ ಲೆಡ್ಜರಿನಂತೆಯೇ: ಮುಂದೆ ಇಂಡೆಕ್ಸು, ಒಳಗೆ ಫೋಲಿಯೋಗಳು. ಒಂದೊಂದು ಫೋಲಿಯೋ ಹಲವು ವೇಳೆ 4,096 ಬೈಟು. ದೊಡ್ಡ ಕಡತ ಹಲವು ಫೋಲಿಯೋಗಳಲ್ಲಿ ಹರಡಿರುತ್ತದೆ. ಯಾವುದರ ಬಳಿಕ ಯಾವುದೆಂದು ‘ಫ್ಯಾಟ್’ ಎಂಬ ಪಟ್ಟಿ ಹೇಳುತ್ತದೆ. ಅಳಿಸೆಂದರೆ ಈ ಪದ್ಧತಿಯಲ್ಲಿ ಇಂಡೆಕ್ಸಿನ ಹೆಸರಿನ ಮೊದಲಕ್ಷರ ಮಾತ್ರ ಅಳಿದು, ಫೋಲಿಯೋಗಳು ಖಾಲಿಯೆಂದು ದಾಖಲಾಗುತ್ತವೆ. ಬರಹವೋ, ಬೇರೊಂದು ಮೇಲೆ ಬೀಳುವವರೆಗೆ ಹಾಗೆಯೇ ಇರುತ್ತದೆ. (ನಾನು ಹೀಗೆ ಮಾಡಿದರೆ ಆಡಿಟರು ಬಿಡುವರೇ!)

ಮಗಳು ಅದರಲ್ಲೇ ಸಿನಿಮಾ ತುಂಬಹೊರಟಿದ್ದಳು; ತಡೆದೆ. ಮರಳಿ ತೆಗೆಯುವ ತಂತ್ರಾಂಶದಿಂದ ಒಂಬತ್ತು ನಿಮಿಷ ದೊರೆಯಿತು, ಹಿನ್ನೆಲೆಯಲ್ಲಿ ಬಂದರಿನ ದೋಣಿಗಳ ಸದ್ದು ಸಹಿತ. ಕೊನೆಯ ಎರಡು ನಿಮಿಷದ ಮೇಲೆ ಆಗಲೇ ಯಾವುದೋ ಚಿತ್ರ ಕುಳಿತಿತ್ತು.