ಅಂಗಡಿಯ ಗಣಕವೂ ಅತ್ತಿಮಬ್ಬೆಯ ಪ್ರತಿಗಳೂ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತರನ್ನು ಕರೆಸಿ, ವ್ಯಾಪಾರದ ಗಣಕಯಂತ್ರದ ವಿಷಯವಾಗಿ ಮಾತನಾಡಿರೆಂದರೆ ಕೆಲವರಿಗೆ ನಗೆ ಬಂದೀತು. ಆದರೆ ಬರೆದಿಟ್ಟುದನ್ನು ಅಳಿಯದಂತೆ ಕಾಯುವುದು ಹೇಗೆಂಬುದು ಪಂಡಿತರಿಗೆ ಹೊಸ ಪ್ರಶ್ನೆಯಲ್ಲ. ಓಲೆಗರಿಗೆ ಹುಳು ಹಿಡಿಯುತ್ತಿತ್ತು. ಇಂದಿನ ಡಿಸ್ಕಿಗೆ ಸವೆತ ಹಿಡಿಯುತ್ತದೆ. ಭೇದವಿಷ್ಟೇ: ಹುಳು ಕೆಲವು ವರ್ಷಗಳ ಸಾವಕಾಶವನ್ನು ಕೊಡುತ್ತಿತ್ತು, ಡಿಸ್ಕು ಕೆಲವೊಮ್ಮೆ ಒಂದು ಗಳಿಗೆಯನ್ನೂ ಕೊಡುವುದಿಲ್ಲ.

ಹಿಂದೂಪುರದಲ್ಲಿ ಹುಣಸೆಹಣ್ಣಿನ ಮಂಡಿಯೊಂದಿದೆ, ಕಲ್ಯಾಣದುರ್ಗದಲ್ಲಿ ಅದರ ಶಾಖೆಯೊಂದಿದೆ ಎಂದು ಭಾವಿಸೋಣ. ಅಜ್ಜನ ಕಾಲದಲ್ಲಿ ಅಲ್ಲಿ ಕಿರ್ದಿ, ಖಾತೆ ಎಂದು ಎರಡು ಬಗೆಯ ಪುಸ್ತಕಗಳಿದ್ದುವು. ದಿನದಿನದ ವ್ಯವಹಾರ ಕಿರ್ದಿಗೆ. ಅದೇ ಮೊತ್ತ ಆಯಾ ಆಸಾಮಿಯ ಹೆಸರಿನಲ್ಲಿ ಖಾತೆಗೆ. ಒಂದನ್ನು ಗೆದ್ದಲು ತಿಂದರೆ ಇನ್ನೊಂದರಿಂದ ಬಹುಮಟ್ಟಿಗೆ ಮರಳಿ ಬರೆಯಬಹುದಾಗಿತ್ತು. ಈಗ ಮೊಮ್ಮಗನ ಕಾಲ. ಮೂಲೆಯಲ್ಲಿ ಎಂಟುಹತ್ತು ವರ್ಷ ದುಡಿದ ಒಂದು ಸರ್ವರ್. ಅದರೊಳಗೆ ಒಂದೇ ಹಾರ್ಡ್ ಡಿಸ್ಕ್. ರೈತರ ಮುಂಗಡ, ತೂಕದ ಚೀಟಿ, ಕೂಲಿಯ ಲೆಕ್ಕ, ತೆರಿಗೆಯ ಪಟ್ಟಿ ಎಲ್ಲವೂ ಆ ಒಂದರಲ್ಲೇ.

ಅದು ನಿಂತುಹೋದರೆ ನಷ್ಟ ಯಾರದು? ಬರಬೇಕಾದ ಬಾಕಿ ವರ್ತಕನ ನೆನಪಿನಲ್ಲಿ ಹೇಗೋ ಉಳಿಯುತ್ತದೆ. ಕೊಡಬೇಕಾದ ಬಾಕಿ ಬೇಗ ಜಾರುತ್ತದೆ. ಮಡಕಶಿರದ ಕಡೆಯಿಂದ ಹಣ್ಣು ತಂದು ಸುರಿದು, ಹಣ ಮುಂದಿನ ವಾರಕ್ಕೆಂಬ ಮಾತನ್ನು ನಂಬಿ ಹಿಂದಿರುಗಿದ ರೈತನಿಗೆ ಆ ಡಿಸ್ಕೇ ಸಾಕ್ಷಿ. ಆದುದರಿಂದ ಇದು ಕೇವಲ ಯಂತ್ರದ ಮಾತಲ್ಲ, ನಂಬಿಕೆಯ ಮಾತು.

ಹಾರ್ಡ್ ಡಿಸ್ಕನ್ನು ಐಬಿಎಂ ಸಂಸ್ಥೆಯವರು ಲೋಕಕ್ಕೆ ತೋರಿಸಿದುದು 1956ರ ಸೆಪ್ಟೆಂಬರಿನಲ್ಲಿ. ರಾಜ್ಯಗಳ ಪುನರ್ವಿಂಗಡಣೆಯಾಗಿ ನಮ್ಮ ಊರುಗಳು ಆಂಧ್ರಪ್ರದೇಶಕ್ಕೆ ಸೇರಿದುದೂ ಅದೇ ವರ್ಷದ ನವೆಂಬರ್ 1ರಂದು. ಆ ಮೊದಲ ಯಂತ್ರದಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದು, ಅವೆಲ್ಲ ಕೂಡಿ 50 ಲಕ್ಷ ಅಕ್ಷರಗಳನ್ನು ಹಿಡಿಯುತ್ತಿದ್ದುವು. ಇಂದು ಅಂಗೈಯಗಲದ ಡಿಸ್ಕು ಅದರ ಲಕ್ಷಾಂತರ ಪಾಲನ್ನು ಹಿಡಿಯುತ್ತದೆ. ಆದರೆ ಮರ್ಮ ಅದೇ: ತಟ್ಟೆ ತಿರುಗಬೇಕು, ಓದುವ ತಲೆ ಅದರ ಮೇಲೆ ಕೂದಲೆಳೆಗಿಂತಲೂ ಬಹಳ ಕಡಿಮೆ ಅಂತರದಲ್ಲಿ ತೇಲಬೇಕು. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕು ಹಗಲಿರುಳು ನಡೆದರೆ ದಿನಕ್ಕೆ ಒಂದು ಕೋಟಿ ಸುತ್ತನ್ನು ಮೀರುತ್ತದೆ. ತಯಾರಕರು ಸಾಮಾನ್ಯವಾಗಿ ಭರವಸೆ ಕೊಡುವುದು ಮೂರು ಅಥವಾ ಐದು ವರ್ಷಕ್ಕೆ. ಅದನ್ನು ಮೀರಿ ದುಡಿಯುತ್ತಿರುವ ಡಿಸ್ಕನ್ನು ನಂಬಿ ಕುಳಿತಿರುವುದು ವಿವೇಕವಲ್ಲ. ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿಗೂ ಆಯುಸ್ಸೆಂಬುದುಂಟು.

ಇದಕ್ಕೆ ಪರಿಹಾರವಾಗಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು 1988ರಲ್ಲಿ ಒಂದು ಪ್ರಬಂಧವನ್ನು ಮಂಡಿಸಿದರು. ಹಲವು ಅಗ್ಗದ ಡಿಸ್ಕುಗಳನ್ನು ಒಟ್ಟುಗೂಡಿಸಿ, ಒಂದು ಸತ್ತರೂ ಕೆಲಸ ನಿಲ್ಲದಂತೆ ಮಾಡುವ ಈ ಏರ್ಪಾಡಿಗೆ ‘ರೇಡ್’ ಎಂಬ ಹೆಸರು ನಿಂತಿತು. ಅದರಲ್ಲಿ ‘ರೇಡ್ ಒಂದು’ ಎಂಬುದು ಕನ್ನಡಿಯ ಕ್ರಮ: ಬರೆದುದೆಲ್ಲ ಎರಡು ಡಿಸ್ಕುಗಳಿಗೂ ಏಕಕಾಲಕ್ಕೆ ಹೋಗುತ್ತದೆ. ‘ರೇಡ್ ಐದು’ ಎಂಬುದಕ್ಕೆ ಕಡೆಯಪಕ್ಷ ಮೂರು ಡಿಸ್ಕುಗಳು ಬೇಕು. ಅದರ ನ್ಯಾಯವನ್ನು ಮಕ್ಕಳೂ ತಿಳಿಯಬಲ್ಲರು. 12, 25, 30 ಎಂಬ ಅಂಕಿಗಳ ಪಕ್ಕದಲ್ಲಿ 67 ಎಂಬ ಮೊತ್ತವನ್ನೂ ಬರೆದಿಟ್ಟಿದ್ದರೆ, 25 ಅಳಿಸಿಹೋದರೂ ಕಳೆದು ಕಂಡುಹಿಡಿಯಬಹುದು. ಯಂತ್ರದ ಗಣಿತ ತುಸು ಬೇರೆ, ಯುಕ್ತಿ ಇದೇ. ‘ರೇಡ್ ಸೊನ್ನೆ’ ಎಂಬುದೊಂದಿದೆ. ಅದು ವೇಗಕ್ಕಾಗಿ ಬರಹವನ್ನು ಹೋಳು ಮಾಡಿ ಹಂಚುತ್ತದೆ; ಒಂದು ಡಿಸ್ಕು ಹೋದರೆ ಎರಡೂ ವ್ಯರ್ಥ. ಹೆಸರಿಗೆ ಮಾರುಹೋಗಬಾರದು. ನಮ್ಮ ಮಂಡಿಗೆ ಕನ್ನಡಿಯ ಕ್ರಮವೇ ಸಾಕು.

ಹಳೆಯ ಯಂತ್ರಕ್ಕೆ ಎರಡನೆಯ ಡಿಸ್ಕನ್ನು ಕೂಡಿಸುವಾಗ ಅನುಸರಿಸತಕ್ಕ ಕ್ರಮವೊಂದುಂಟು. ಮೊತ್ತಮೊದಲು, ಯಂತ್ರದ ಒಂದು ತಿರುಪನ್ನೂ ಮುಟ್ಟುವುದಕ್ಕೆ ಮುಂಚೆ, ಇರುವುದೆಲ್ಲದರ ಪೂರ್ಣ ಪ್ರತಿಯೊಂದನ್ನು ಹೊರಗಿನ ಡಿಸ್ಕಿಗೆ ತೆಗೆದು, ಬೇರೊಂದು ಗಣಕದಲ್ಲಿ ತೆರೆದು ನೋಡಬೇಕು. ಕಾರಣವೆರಡು. ಕನ್ನಡಿ ಕಟ್ಟುವಾಗ ಹಳೆಯ ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕಾಗುತ್ತದೆ. ದಣಿದ ಡಿಸ್ಕು ಆ ಶ್ರಮದಲ್ಲೇ ಪ್ರಾಣ ಬಿಡಬಹುದು. ಅಲ್ಲದೆ ಕೆಲವು ರೇಡ್ ಕಾರ್ಡುಗಳು ಹೊಸ ಜೋಡಿಯನ್ನು ಕಟ್ಟುವಾಗ ಇದ್ದುದನ್ನೆಲ್ಲ ಒರೆಸಿಹಾಕುತ್ತವೆ.

ಬಳಿಕ, ಯಂತ್ರದಲ್ಲಿ ಇನ್ನೊಂದು ಡಿಸ್ಕಿಗೆ ಜಾಗವೂ ವಿದ್ಯುತ್ ತಂತಿಯೂ ಇವೆಯೇ, ಜೋಡಣೆ ಸಾಟಾ ಬಗೆಯದೋ ಸಾಸ್ ಬಗೆಯದೋ ಎಂದು ನೋಡಬೇಕು. ಹೊಸ ಡಿಸ್ಕು ಹಳೆಯದಕ್ಕಿಂತ ಕಿರಿದಾಗಿರಬಾರದು. ಹಿರಿದಾದರೆ ಚಿಂತೆಯಿಲ್ಲ, ಮಿಕ್ಕ ಜಾಗ ಸುಮ್ಮನಿರುತ್ತದೆ. ಲಿನಕ್ಸ್, ವಿಂಡೋಸ್ ಸರ್ವರ್ ಎರಡರಲ್ಲೂ ಕಾರ್ಡಿಲ್ಲದೆಯೇ ಕನ್ನಡಿ ಕಟ್ಟುವ ಅನುಕೂಲವಿದೆ. ಚಿಕ್ಕ ಅಂಗಡಿಗೆ ಇದೇ ಲೇಸು. ಕಾರ್ಡನ್ನು ನೆಚ್ಚಿದರೆ, ಅದು ಕೆಟ್ಟ ದಿನ ಅದೇ ಜಾತಿಯ ಕಾರ್ಡನ್ನು ಹುಡುಕಿ ಅಲೆಯಬೇಕಾದೀತು. ಹೊಸದು ನೆಲೆಗೊಂಡ ಮೇಲೆ ಹಳೆಯ ಡಿಸ್ಕನ್ನೂ ಬದಲಾಯಿಸುವುದು ಕ್ಷೇಮ. ಆದರೆ ಎರಡನ್ನೂ ಒಂದೇ ಕಂತಿನಿಂದ ಕೊಳ್ಳಬಾರದು. ಒಡಹುಟ್ಟಿದವು ಒಟ್ಟಿಗೆ ಮುಪ್ಪಾಗುತ್ತವೆ.

ಇಷ್ಟು ಮಾಡಿದವರೂ ಒಂದೆಡೆ ಎಡವುತ್ತಾರೆ. ಜೋಡಿಯಲ್ಲಿ ಒಂದು ಸತ್ತರೂ ಅಂಗಡಿ ಎಂದಿನಂತೆ ನಡೆಯುತ್ತದೆ. ಅದೇ ಅದರ ಗುಣ. ಅದೇ ಅದರ ಅಪಾಯ. ಸತ್ತುದು ಯಾರಿಗೂ ತಿಳಿಯದೆ ತಿಂಗಳುಗಳು ಕಳೆಯುತ್ತವೆ. ಎರಡನೆಯದೂ ಹೋದ ದಿನ ಗೋಳು. ಆದುದರಿಂದ ಯಂತ್ರವೇ ಎಚ್ಚರಿಕೆಯ ಅಂಚೆ ಕಳುಹಿಸುವಂತೆ ಏರ್ಪಡಿಸಿ, ತಿಂಗಳಿಗೊಮ್ಮೆ ಯಾರಾದರೊಬ್ಬರು ಕಣ್ಣಾರೆ ನೋಡಿ ಪುಸ್ತಕದಲ್ಲಿ ಸಹಿ ಮಾಡತಕ್ಕದ್ದು.

ಇನ್ನು ಈ ಭಾಷಣದ ಮುಖ್ಯ ಮಾತು. ಕನ್ನಡಿಯು ಡಿಸ್ಕಿನ ಮರಣದಿಂದ ಮಾತ್ರ ಕಾಯುತ್ತದೆ, ಬೇರಾವುದರಿಂದಲೂ ಅಲ್ಲ. ಗುಮಾಸ್ತನು ಕೈತಪ್ಪಿ ಒಂದು ವರ್ಷದ ಖಾತೆಯನ್ನು ಅಳಿಸಿದರೆ ಅದು ಎರಡರಲ್ಲೂ ಅದೇ ಕ್ಷಣ ಅಳಿಯುತ್ತದೆ. ಹಣ ಕೀಳುವ ದುಷ್ಟ ತಂತ್ರಾಂಶವೊಂದು ಒಳನುಗ್ಗಿ ಕಡತಗಳಿಗೆ ಬೀಗ ಜಡಿದರೆ ಎರಡಕ್ಕೂ ಬೀಗ. ಬೆಂಕಿ, ಸಿಡಿಲು, ಕಳ್ಳ ಇವರಿಗೆ ಒಂದು ಪೆಟ್ಟಿಗೆಯಲ್ಲಿ ಎಷ್ಟು ಡಿಸ್ಕುಗಳಿದ್ದರೂ ಒಂದೇ.

ಇಲ್ಲಿ ನಮಗೆ ದಾನಚಿಂತಾಮಣಿ ಅತ್ತಿಮಬ್ಬೆಯ ನೆನಪಾಗುತ್ತದೆ. ಹತ್ತನೆಯ ಶತಮಾನದಲ್ಲಿ ಆಕೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧ. ಆ ಕಾವ್ಯ ಇಂದಿಗೂ ನಮ್ಮ ಕೈಯಲ್ಲಿದೆ. ಅದೇ ಪೊನ್ನನ ‘ಭುವನೈಕರಾಮಾಭ್ಯುದಯ’ ದೊರೆತಿಲ್ಲ. ಆಕೆಯ ಆಶ್ರಯ ಪಡೆದ ರನ್ನನ ‘ಪರಶುರಾಮಚರಿತ’ವೂ ‘ಚಕ್ರೇಶ್ವರಚರಿತ’ವೂ ಹೆಸರಾಗಿ ಮಾತ್ರ ಉಳಿದಿವೆ. ಕವಿಗಳ ಪ್ರತಿಭೆಯಲ್ಲಿ ಕೊರತೆಯಿರಲಿಲ್ಲ. ಅತ್ತಿಮಬ್ಬೆ ಆ ಸಾವಿರ ಪ್ರತಿಗಳನ್ನು ಒಂದೇ ಭಂಡಾರದಲ್ಲಿ ಪೇರಿಸಿಟ್ಟಿದ್ದರೆ ಒಂದು ಕಿಡಿ ಸಾಕಾಗಿತ್ತು. ಆಕೆ ಹಂಚಿದಳು; ಅದೇ ಆಕೆಯ ಜಾಣ್ಮೆ.

ನಮ್ಮ ವರ್ತಕರೂ ಹಂಚಲಿ. ಪ್ರತಿ ಮೂರಿರಲಿ, ಎರಡು ಬಗೆಯ ಸಾಧನಗಳಲ್ಲಿರಲಿ, ಒಂದಾದರೂ ಪರಸ್ಥಳದಲ್ಲಿರಲಿ ಎಂಬುದು ಬಲ್ಲವರ ಸೂತ್ರ. ಹಿಂದೂಪುರದ ಲೆಕ್ಕದ ಪ್ರತಿ ಕಲ್ಯಾಣದುರ್ಗದ ಶಾಖೆಯಲ್ಲಿರಲಿ, ಅಲ್ಲಿಯದು ಇಲ್ಲಿರಲಿ. ರಾತ್ರಿಯ ವೇಳೆ ಅಂತರ್ಜಾಲದ ಮೂಲಕ ಕಳುಹಿಸಬಹುದು. ವಾರಕ್ಕೊಮ್ಮೆ ಗುಪ್ತಪದ ಹಾಕಿದ ಡಿಸ್ಕನ್ನು ನಂಬಿಕೆಯ ಆಳಿನ ಕೈಯಲ್ಲಿ ಬಸ್ಸಿನಲ್ಲಿಯೂ ಕಳುಹಿಸಬಹುದು. ನಿನ್ನೆಯ ಪ್ರತಿಯ ಮೇಲೆಯೇ ಇಂದಿನದನ್ನು ಬರೆಯದೆ, ಕೆಲವು ವಾರಗಳ ಪ್ರತಿಗಳನ್ನು ಬೇರೆಬೇರೆಯಾಗಿ ಉಳಿಸಬೇಕು. ನಮ್ಮ ಸಂಘದ ಸದಸ್ಯರ ಪಟ್ಟಿಗೂ ಶಾಲೆಗಳ ಕನ್ನಡ ಕಡತಗಳಿಗೂ ಇದೇ ನಿಯಮ. ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದವನ್ನು ಯೂನಿಕೋಡಿಗೆ ಪರಿವರ್ತಿಸಿಯೂ ಇಡಬೇಕು. ಓದಲು ಬಾರದ ಪ್ರತಿ ಪ್ರತಿಯೇ ಅಲ್ಲ.

ಒಂದು ಮಾತು ಉಳಿಯಿತು. ಹತ್ತು ವರ್ಷದ ಸರ್ವರಿನಲ್ಲಿ ಮುಪ್ಪಾಗಿರುವುದು ಡಿಸ್ಕು ಮಾತ್ರವಲ್ಲ. ಮದರ್‌ಬೋರ್ಡಿಗೂ ವಿದ್ಯುತ್ ಪೂರೈಸುವ ಭಾಗಕ್ಕೂ ಅದೇ ವಯಸ್ಸು. ಎರಡನೆಯ ಡಿಸ್ಕಿಗೂ ಕಾರ್ಡಿಗೂ ಆಗುವ ವೆಚ್ಚ ಹೊಸ ಯಂತ್ರದ ಬೆಲೆಯನ್ನು ಸಮೀಪಿಸಿದರೆ, ಜೋಡಿ ಡಿಸ್ಕುಗಳ ಹೊಸ ಯಂತ್ರವನ್ನೇ ತರುವುದು ಸರಿ. ಹಾಗಾಗದಿದ್ದಲ್ಲಿ ಹಳೆಯದಕ್ಕೆ ಜೊತೆಯೊಂದನ್ನು ಕೊಟ್ಟು, ಯುಪಿಎಸ್‌ಗೆ ಒಳ್ಳೆಯ ಬ್ಯಾಟರಿ ಹಾಕಿಸಿ, ಒಂದೆರಡು ವರ್ಷ ನಡೆಸಬಹುದು.

ಬಂಧುಗಳೇ, ಈ ಸಭೆಯಿಂದ ಮನೆಗೆ ತೆರಳುವಾಗ ಪ್ರತಿಯೊಬ್ಬ ವರ್ತಕರೂ ತಮ್ಮನ್ನು ತಾವೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕೆಂದು ಬಿನ್ನವಿಸುತ್ತೇವೆ: ಈ ರಾತ್ರಿ ಡಿಸ್ಕು ನಿಂತರೆ, ನಾಳೆ ಬೆಳಗ್ಗೆ ಯಾವ ಊರಿನ ಯಾವ ಪ್ರತಿಯನ್ನು ತೆರೆದು ರೈತನ ಮುಂದೆ ಕುಳಿತುಕೊಳ್ಳುವಿರಿ? ಉತ್ತರ ಕೂಡಲೇ ಹೊಳೆಯದಿದ್ದವರು ನಾಳೆಯೇ ಕೆಲಸಕ್ಕೆ ತೊಡಗಲಿ.