ಕಡೆಗಣ್ಣಿಗೆ ದೂರ ತಿಳಿಯುತ್ತದೆಯೇ?

ಮಕ್ಕಳೇ, ಒಂದು ಪೆನ್ನು ತೆಗೆದುಕೊಳ್ಳಿ. ಅದರ ಮುಚ್ಚಳವನ್ನು ಗೆಳತಿಯ ಕೈಗೆ ಕೊಟ್ಟು, ನಿಮ್ಮ ಮುಖದೆದುರು ಒಂದು ಮೊಳ ದೂರದಲ್ಲಿ ಅಡ್ಡಡ್ಡ ಹಿಡಿಯಲು ಹೇಳಿ. ಪೆನ್ನನ್ನು ಪಕ್ಕದಿಂದ ತಂದು ಒಂದೇ ಸಲಕ್ಕೆ ಮುಚ್ಚಳದೊಳಗೆ ತೂರಿಸಿ. ಸುಲಭ, ಅಲ್ಲವೇ? ಈಗ ಒಂದು ಕಣ್ಣು ಮುಚ್ಚಿಕೊಂಡು ಮಾಡಿ. ಪೆನ್ನು ಮುಚ್ಚಳದ ಆಚೆಗೋ ಈಚೆಗೋ ಹೋಗಿಬಿಡುವುದೇ ಹೆಚ್ಚು!

ಕಾರಣ ಇದು. ದೊಡ್ಡವರ ಎರಡು ಕಣ್ಣುಗಳ ನಡುವೆ ಸುಮಾರು 6 ಸೆಂಟಿಮೀಟರ್ ಅಂತರವಿದೆ, ನಿಮಗೆ ಇನ್ನೂ ತುಸು ಕಡಿಮೆ. ಹಾಗಾಗಿ ಎಡಗಣ್ಣು ಕಂಡ ಚಿತ್ರಕ್ಕೂ ಬಲಗಣ್ಣು ಕಂಡ ಚಿತ್ರಕ್ಕೂ ಚೂರು ವ್ಯತ್ಯಾಸ. ಹೆಬ್ಬೆರಳನ್ನು ಎದುರಿಗೆ ಹಿಡಿದು ಒಂದೊಂದೇ ಕಣ್ಣಿನಿಂದ ನೋಡಿ: ಬೆರಳು ಅತ್ತಿತ್ತ ಜಿಗಿಯುತ್ತದೆ. ಹತ್ತಿರ ತಂದಷ್ಟೂ ಜಿಗಿತ ದೊಡ್ಡದು. ಈ ವ್ಯತ್ಯಾಸವನ್ನೇ ಅಳೆದು ಮಿದುಳು ದೂರವನ್ನು ಅರಿಯುತ್ತದೆ. 1838ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ ಇದನ್ನು ತೋರಿಸಿಕೊಟ್ಟರು. ತುಸು ಬೇರೆಬೇರೆಯಾದ ಎರಡು ಚಪ್ಪಟೆ ಚಿತ್ರಗಳನ್ನು ಕನ್ನಡಿಗಳ ಮೂಲಕ ಎರಡು ಕಣ್ಣಿಗೂ ಒಂದೊಂದಾಗಿ ತೋರಿಸಿದಾಗ, ಅವು ಸೇರಿ ಉಬ್ಬುತಗ್ಗುಳ್ಳ ನಿಜವಸ್ತುವಿನಂತೆ ಕಂಡವು!

ನೇರ ನೋಟದ ಮಾತಾಯಿತು. ಕಡೆಗಣ್ಣಿನ ನೋಟ ಹೇಗೆ?

ಗೋಡೆಯ ಮೇಲಿನ ಒಂದು ಗುರುತನ್ನೇ ನೋಡುತ್ತಾ ನಿಲ್ಲಿ. ಬಲಗೈಯನ್ನು ಪಕ್ಕಕ್ಕೆ ಚಾಚಿ ಬೆರಳು ಆಡಿಸಿ. ಅದು ಕಂಡೂ ಕಾಣದಂತಿರುವ ಜಾಗದಲ್ಲಿ ಕೈ ನಿಲ್ಲಿಸಿ, ಬಲಗಣ್ಣು ಮುಚ್ಚಿ. ಬೆರಳು ಮಾಯ! ಅಷ್ಟು ಬಲಕ್ಕೆ ಎಡಗಣ್ಣಿನ ನೋಟ ತಲುಪುವುದಿಲ್ಲ. ಮೂಗೂ ಅಡ್ಡ ಇದೆ.

ನಮ್ಮ ನೋಟದ ನಡುವಿನ ಸುಮಾರು 120 ಡಿಗ್ರಿಯಷ್ಟು ಭಾಗ ಮಾತ್ರ ಎರಡೂ ಕಣ್ಣಿಗೆ ಕಾಣುತ್ತದೆ. ಅದರಾಚೆ ಎಡಕ್ಕೂ ಬಲಕ್ಕೂ ಸುಮಾರು 30 ಡಿಗ್ರಿಯ ಅಂಚು ಒಂದೇ ಕಣ್ಣಿನ ಪಾಲು. ಹೋಲಿಸಲು ಎರಡನೆಯ ಚಿತ್ರವೇ ಇಲ್ಲದ ಮೇಲೆ, ಅಲ್ಲಿ ಜೋಡಿಗಣ್ಣಿನ ಅಳತೆಯೂ ಇಲ್ಲ.

ಎರಡೂ ಕಣ್ಣಿಗೆ ಕಾಣುವ ಭಾಗದಲ್ಲೂ ಅಳತೆ ಎಲ್ಲ ಕಡೆ ಒಂದೇ ಸಮನಲ್ಲ. ಕಣ್ಣಿನ ಒಳಪದರವಾದ ಅಕ್ಷಿಪಟದ ನಡುವೆ ಒಂದು ಪುಟ್ಟ ಕುಳಿ ಇದೆ. ವಿವರಗಳನ್ನು ಗುರುತಿಸುವ ಶಂಕುಕೋಶಗಳು ಅಲ್ಲಿ ಕಿಕ್ಕಿರಿದಿವೆ. ಅಂಚಿನ ಕಡೆ ವಿರಳ. ನಡುವಿನಲ್ಲಿ ಮಿಲಿಮೀಟರ್ ಗೆರೆಗಳೂ ಅಂಚಿನಲ್ಲಿ ಬರೀ ಸೆಂಟಿಮೀಟರ್ ಗೆರೆಗಳೂ ಇರುವ ಸ್ಕೇಲಿನಂತೆ ನಮ್ಮ ನೋಟ. ನೇರ ನೋಡಿದಾಗ ಸೂಜಿಗೆ ದಾರ ಪೋಣಿಸುವಷ್ಟು ನಿಖರತೆ. ಪಕ್ಕಕ್ಕೆ ಹೋದಂತೆ ದೂರದ ದೊಡ್ಡ ವ್ಯತ್ಯಾಸಗಳು ಮಾತ್ರ ತಿಳಿಯುತ್ತವೆ.

ಇದರಲ್ಲೂ ಒಂದು ಅನುಕೂಲವಿದೆ. ನಡುನೋಟದಲ್ಲಿ ಎರಡು ಚಿತ್ರಗಳು ತುಸು ಹೆಚ್ಚೇ ಬೇರೆಯಾದರೆ ವಸ್ತು ಎರಡಾಗಿ ಕಾಣುತ್ತದೆ. ಕಡೆಗಣ್ಣಿನಲ್ಲಾದರೋ, ಇನ್ನೂ ದೊಡ್ಡ ವ್ಯತ್ಯಾಸವಿದ್ದರೂ ಮಿದುಳು ಎರಡನ್ನೂ ಬೆಸೆದು ಒಂದೇ ಮಾಡಿಕೊಳ್ಳುತ್ತದೆ. ಹಾಗಾಗಿ ದೂರ ನೋಡುತ್ತಾ ನಡೆಯುವಾಗಲೂ ಕಾಲ ಬಳಿಯ ಮೆಟ್ಟಿಲು, ಕಲ್ಲು ನಮಗೆ ಸುಮಾರಾಗಿ ತಿಳಿಯುತ್ತಿರುತ್ತವೆ. ಜೊತೆಗೆ ವಸ್ತುವಿನ ಚಲನೆ, ಗಾತ್ರ, ಯಾವುದು ಯಾವುದನ್ನು ಮರೆಮಾಡಿದೆ ಎಂಬುದು ಒಂದೇ ಕಣ್ಣಿಗೂ ದೂರದ ಸುಳಿವು ಕೊಡುತ್ತವೆ. ಪಕ್ಕದಿಂದ ಚೆಂಡು ಬಂದಾಗ "ಏನೋ ಬಂತು" ಎಂದು ಕಡೆಗಣ್ಣು ಎಚ್ಚರಿಸುತ್ತದೆ. ಕತ್ತು ತಾನಾಗಿಯೇ ತಿರುಗಿ, ಉಳಿದ ಲೆಕ್ಕವನ್ನು ನಡುನೋಟ ಮಾಡುತ್ತದೆ.

ಎರಡು ಚಿತ್ರಗಳನ್ನು ಬೆಸೆಯುವ ಈ ವಿದ್ಯೆ ಮಿದುಳಿನಲ್ಲಿ ಗಟ್ಟಿಯಾಗುವುದು ಎಳೆವಯಸ್ಸಿನಲ್ಲೇ. ಅದಕ್ಕೆ ಎರಡೂ ಕಣ್ಣುಗಳು ಚಿಕ್ಕಂದಿನಿಂದಲೇ ಒಟ್ಟಿಗೆ ದುಡಿಯಬೇಕು. ದೃಷ್ಟಿಯ ಬಗ್ಗೆ ಇಂಥ ಸಂಶೋಧನೆಗಳಿಗಾಗಿ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಅವರಿಗೆ 1981ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಆದ್ದರಿಂದ ನಿಮಗೋ ನಿಮ್ಮ ತಂಗಿ ತಮ್ಮಂದಿರಿಗೋ ಮೆಳ್ಳೆಗಣ್ಣಿದ್ದರೆ, ಒಂದು ಕಣ್ಣು ಮಂಜಾಗಿ ಕಂಡರೆ, ನಾಚಿಕೊಳ್ಳದೆ ಮನೆಯಲ್ಲಿ ಹೇಳಿ. ಕಣ್ಣಿನ ವೈದ್ಯರ ಬಳಿ ಬೇಗ ಹೋದಷ್ಟೂ ಚಿಕಿತ್ಸೆಯ ಫಲ ಹೆಚ್ಚು.